ಕಿವಿಯ ಮಿಷನ್ನು ಡಬ್ಬಿಯಲ್ಲೇ ಉಳಿದಿದೆ. ಇನ್ನೂ ದುಬಾರಿಯದನ್ನು ಕೊಳ್ಳಬೇಕಿತ್ತೇ?

ಪ್ರಶ್ನೆ: ನಮ್ಮ ತಂದೆಯವರಿಗೆ 74 ವರ್ಷ. ನಾವಿರುವುದು ಮಂಡ್ಯದ ಹತ್ತಿರದ ಒಂದು ಹಳ್ಳಿಯಲ್ಲಿ. ಕಳೆದ ವರ್ಷ ಅಂಗಡಿಯೊಂದರಲ್ಲಿ 30,000 ರೂಪಾಯಿ ಕೊಟ್ಟು ಅವರ ಬಲಗಿವಿಗೆ ಮಿಷನ್ ಹಾಕಿಸಿದೆವು. ನಾಲ್ಕು ದಿನ ಹಾಕಿಕೊಂಡು, ‘ಬರೀ ಗಲಾಟೆ, ಮಾತೊಂದು ಬಿಟ್ಟು ಮಿಕ್ಕಿದ್ದೆಲ್ಲ ಕೇಳಿಸುತ್ತದೆ’ ಎಂದು ತೆಗೆದು ಡಬ್ಬಿಯಲ್ಲಿಟ್ಟವರು ಮತ್ತೆ ಮುಟ್ಟಿಲ್ಲ. ಇನ್ನೂ ಹೆಚ್ಚು ಬೆಲೆಯದನ್ನು ಕೊಂಡಿದ್ದರೆ ಸರಿಹೋಗುತ್ತಿತ್ತೇ?

ಉತ್ತರ: ಬಹುಮಟ್ಟಿಗೆ ಇಲ್ಲ. ನಿಮ್ಮ ತಂದೆಯವರ ಶ್ರವಣ ಸಾಧನ ಅಗ್ಗದ್ದು ಎಂದು ತೀರ್ಮಾನಿಸುವ ಮುನ್ನ, ಅದನ್ನು ಅವರ ಕಿವಿಗೆ ಎಷ್ಟು ಸಲ ಹೊಂದಿಸಲಾಯಿತು ಎಂದು ಕೇಳಬೇಕು; ನಿಮ್ಮ ಪತ್ರವನ್ನು ನೋಡಿದರೆ ಒಂದೇ ಸಲ, ಅಂದರೆ ಕೊಂಡ ದಿನ ಮಾತ್ರ ಎಂದು ತೋರುತ್ತದೆ. ನಾನು ವೈದ್ಯನಲ್ಲ, ಕಿವಿಯನ್ನು ಪರೀಕ್ಷಿಸಿ ಮಿಷನ್ ಹೊಂದಿಸುವ ಆಡಿಯಾಲಜಿಸ್ಟನೂ ಅಲ್ಲ. ಮೈಸೂರಿನಲ್ಲಿ ಒಂಬತ್ತು ವರ್ಷಗಳಿಂದ ಎರಡೂ ಕಿವಿಗೆ ಮಿಷನ್ ಹಾಕಿಕೊಂಡು ಓಡಾಡುತ್ತಿರುವವನು, ಮತ್ತು ಮೊದಲ ಎರಡು ತಿಂಗಳು ನಿಮ್ಮ ತಂದೆಯವರಂತೆಯೇ ಡಬ್ಬಿಯ ಪಕ್ಷದಲ್ಲಿದ್ದವನು.

‘ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ’ ಎಂಬ ದೂರನ್ನು ಮನೆಯವರು ಹಟವೆಂದೋ ಮರೆವೆಂದೋ ತಿಳಿಯುತ್ತಾರೆ. ಅದು ಎರಡೂ ಅಲ್ಲ. ವಯಸ್ಸಿನಿಂದ ಬರುವ ಕಿವುಡು ಎಲ್ಲ ಸದ್ದುಗಳನ್ನೂ ಸಮನಾಗಿ ತಗ್ಗಿಸುವುದಿಲ್ಲ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡಿರುವ ಕಾಕ್ಲಿಯಾ ಎಂಬ ಭಾಗದಲ್ಲಿ ಕೂದಲಿನಂಥ ಎಳೆಗಳುಳ್ಳ ಸೂಕ್ಷ್ಮ ಜೀವಕೋಶಗಳಿರುತ್ತವೆ. ಅವುಗಳಲ್ಲಿ ಕೀಚಲು ಸದ್ದುಗಳನ್ನು ಹಿಡಿಯುವ, ಸುರುಳಿಯ ಬುಡದಲ್ಲಿರುವ ಕೋಶಗಳೇ ಮೊದಲು ಸವೆಯುತ್ತವೆ. ಅ, ಆ, ಓ ಮುಂತಾದ ಸ್ವರಗಳು ತಗ್ಗು ಕಂಪನದವು, ಬಲವಾದವು, ಆದ್ದರಿಂದ ಅವು ಕಿವಿಗೆ ಮುಟ್ಟುತ್ತಲೇ ಇರುತ್ತವೆ. ಸ, ಶ, ಕ, ತ, ಪ ಎಂಬ ವ್ಯಂಜನಗಳಾದರೋ ಹೆಚ್ಚು ಕಂಪನದವು, ಸಾಲದ್ದಕ್ಕೆ ಬಲಹೀನವಾದವು. ಹೀಗಾಗಿ ‘ಕಪ್ಪು’ ಎಂದರೂ ‘ತಪ್ಪು’ ಎಂದರೂ ಕಿವಿಗೆ ಬೀಳುವುದು ಹೆಚ್ಚುಕಡಿಮೆ ಒಂದೇ. ಯಾವುದೆಂದು ಮಾತಿನ ಸಂದರ್ಭದಿಂದ ಊಹಿಸಬೇಕು. ಊಹೆ ಒಮ್ಮೆ ಎಡವಿದರೆ, ಸೊಸೆ ಸಂತೆಯಿಂದ ಸೊಪ್ಪು ತರಲು ಹೇಳಿದಾಗ ಉಪ್ಪು ತಂದು ಕೊಡುವ ಪ್ರಸಂಗ ನಡೆಯುತ್ತದೆ, ಮನೆಮಂದಿ ನಗುತ್ತಾರೆ, ಮುದುಕರು ಮಾತು ಕಡಿಮೆ ಮಾಡುತ್ತಾರೆ.

ಇದರ ಜೊತೆಗೆ ಇನ್ನೊಂದು ತೊಡಕಿದೆ. ಸವೆದ ಕಿವಿಗೆ ಸಣ್ಣ ಸದ್ದು ಕೇಳುವುದಿಲ್ಲ, ಆದರೆ ದೊಡ್ಡ ಸದ್ದು ಮೊದಲಿನಷ್ಟೇ ಬಡಿಯುತ್ತದೆ. ‘ಸ್ವಲ್ಪ ಜೋರಾಗಿ ಹೇಳಪ್ಪ’ ಎಂದವರೇ ಮರುಕ್ಷಣ ‘ಯಾಕೋ ಹೀಗೆ ಕಿರುಚುತ್ತೀಯ’ ಎಂದು ಬೈಯುವುದಕ್ಕೆ ಕಾರಣ ಇದೇ. ಎರಡು ಮಾತೂ ನಿಜ. ದಸರೆಯಲ್ಲಿ ಇಪ್ಪತ್ತೊಂದು ಕುಶಾಲತೋಪು ಹಾರಿಸುವಾಗ ಪಕ್ಕದವರ ಮಾತು ಕೇಳಿಸದ ನಾನೇ ಎಲ್ಲರಿಗಿಂತ ಹೆಚ್ಚು ಬೆಚ್ಚಿಬಿದ್ದಿದ್ದೇನೆ. ಶ್ರವಣ ಸಾಧನ ಈ ಎರಡರ ನಡುವಿನ ಕಿರಿದಾದ ಓಣಿಯಲ್ಲಿ ಮಾತನ್ನು ಕರೆತರಬೇಕು: ಸಣ್ಣ ಸದ್ದನ್ನು ಹೆಚ್ಚು ಎತ್ತಿ, ದೊಡ್ಡದನ್ನು ಎತ್ತದೆ ಬಿಟ್ಟು, ತಗ್ಗು ಕಂಪನಕ್ಕೆ ಕಡಿಮೆ ಬಲವನ್ನೂ ಹೆಚ್ಚು ಕಂಪನಕ್ಕೆ ಹೆಚ್ಚು ಬಲವನ್ನೂ ಕೊಡಬೇಕು.

ಎಷ್ಟು ಕೊಡಬೇಕೆಂಬುದನ್ನು ತಿಳಿಸುವುದೇ ಆಡಿಯೋಗ್ರಾಂ, ಅಂದರೆ ಕಿವಿಯ ಪರೀಕ್ಷೆಯ ಫಲಿತಾಂಶವನ್ನು ಗೆರೆಯಾಗಿ ತೋರಿಸುವ ನಕ್ಷೆ. ನಿಮ್ಮ ತಂದೆಯವರ ಕಡತದಲ್ಲಿ ಆ ಕಾಗದ ಇರಬೇಕು, ಹುಡುಕಿ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರದ ಗುರುತು. ಎಡದಿಂದ ಬಲಕ್ಕೆ ಹೋದಂತೆ ಸದ್ದು ಕೀಚಲಾಗುತ್ತದೆ, ಗುರುತು ಕೆಳಗಿಳಿದಷ್ಟೂ ನಷ್ಟ ಹೆಚ್ಚು. ನನ್ನದು ಚಾಮುಂಡಿ ಬೆಟ್ಟದ ಮೆಟ್ಟಿಲಿಳಿದಂತೆ ಬಲಕ್ಕೆ ಬಲಕ್ಕೆ ಇಳಿಯುತ್ತ ಹೋಗಿತ್ತು. ಈ ಗೆರೆಯನ್ನು ಕಂಪ್ಯೂಟರಿಗೆ ಊಡಿಸಿದರೆ ಅದು ಮಿಷನ್ನಿಗೆ ಒಂದು ಅಂದಾಜಿನ ಹೊಂದಾಣಿಕೆಯನ್ನು ಮಾಡಿಕೊಡುತ್ತದೆ. ಅದು ಅಂದಾಜು ಮಾತ್ರ. ದರ್ಜಿ ಅಳತೆ ತೆಗೆದುಕೊಂಡು ಹೊಲಿದ ಅಂಗಿಯಾದರೂ ತೊಟ್ಟು ನೋಡಿದ ಮೇಲೆ ಕಂಕುಳಲ್ಲಿ ಬಿಗಿಯೋ ಸಡಿಲವೋ ತಿಳಿಯುವ ಹಾಗೆ, ಹದಿನೈದು ದಿನ ಹಾಕಿಕೊಂಡ ಮೇಲೆಯೇ ‘ಪಾತ್ರೆ ಸದ್ದು ಚುಚ್ಚುತ್ತದೆ, ಹೆಂಗಸರ ಮಾತು ತೇಲಿಹೋಗುತ್ತದೆ’ ಎಂಬಂಥ ನಿಜವಾದ ದೂರುಗಳು ಹುಟ್ಟುವುದು. ಆ ದೂರುಗಳನ್ನು ಕೇಳಿಸಿಕೊಂಡು ಮತ್ತೆ ಮತ್ತೆ ತಿದ್ದುವ ವ್ಯಕ್ತಿಯೇ ಶ್ರವಣ ಸಾಧನದ ಅರ್ಧ ಬೆಲೆ. ನನಗೆ ನಾಲ್ಕು ಭೇಟಿಗಳು ಬೇಕಾದವು. ಅದಕ್ಕೂ ಮೊದಲು ನಾನು ಮಿಷನ್ ಕೊಂಡಿದ್ದ ಬೇರೊಂದು ಕಡೆ, ಹಣ ಎಣಿಸಿಕೊಂಡ ನಂತರ ಎರಡನೆಯ ಸಲ ಹೋದಾಗ, ‘ಅಭ್ಯಾಸವಾಗುತ್ತೆ ಸಾರ್’ ಎಂಬ ಒಂದೇ ವಾಕ್ಯ ದೊರೆತಿತ್ತು.

ಅಭ್ಯಾಸ ಬೇಕು ಎಂಬುದೇನೋ ಸುಳ್ಳಲ್ಲ. ಹತ್ತು ಹನ್ನೆರಡು ವರ್ಷ ನಿಧಾನವಾಗಿ ಮೌನಕ್ಕೆ ಒಗ್ಗಿಕೊಂಡ ಮಿದುಳಿಗೆ, ಫ್ಯಾನಿನ ಸದ್ದನ್ನು ಬದಿಗೆ ಸರಿಸಿ ಮಾತನ್ನು ಆರಿಸಿಕೊಳ್ಳುವ ಕಲೆ ಮರೆತುಹೋಗಿರುತ್ತದೆ. ಮೊದಲ ದಿನ ದಿನಪತ್ರಿಕೆಯ ಹಾಳೆ ತಿರುವಿದ ಸದ್ದಿಗೆ ನಾನು ಬೆಚ್ಚಿ ಹಿಂದೆ ನೋಡಿದೆ. ಚಪ್ಪಲಿಯ ಸದ್ದು, ಫ್ರಿಜ್ಜಿನ ಗುಂಯ್‌ಗುಡುವಿಕೆ, ಅಡಿಗೆಮನೆಯಲ್ಲಿ ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿಯುವ ಚಟಪಟ, ಎಲ್ಲವೂ ಮಾತಿನಷ್ಟೇ ಮುಖ್ಯವೆಂಬಂತೆ ಒಮ್ಮೆಗೇ ನುಗ್ಗಿಬಂದವು. ಸಾಸಿವೆಗೆ ಸದ್ದಿದೆ ಎಂಬುದನ್ನೇ ನಾನು ಮರೆತಿದ್ದೆ. ಮಿದುಳು ಇವನ್ನೆಲ್ಲ ಮತ್ತೆ ವಿಂಗಡಿಸಲು ವಾರಗಳು, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ನಾಲ್ಕು ದಿನ ಸಾಲದು; ಅದರಲ್ಲೂ ಆ ನಾಲ್ಕು ದಿನಗಳಲ್ಲಿ ಒಂದು ದಿನ ಮದುವೆಯ ಛತ್ರಕ್ಕೋ ಊರಹಬ್ಬಕ್ಕೋ ಹಾಕಿಕೊಂಡು ಹೋಗಿದ್ದರೆ, ಡಬ್ಬಿಗೆ ಹಾಕಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಟಿವಿ ಆರಿಸಿದ ಕೋಣೆಯಲ್ಲಿ, ದಿನಕ್ಕೆ ಒಂದೆರಡು ಗಂಟೆ, ಒಬ್ಬರ ಜೊತೆ. ನನ್ನ ಹೆಂಡತಿ ಬೆಳಿಗ್ಗೆ ಕಾಫಿಯಾದ ಮೇಲೆ ಪತ್ರಿಕೆಯ ಒಂದು ಸುದ್ದಿಯನ್ನು ಎದುರಿಗೆ ಕುಳಿತು ಓದುತ್ತಿದ್ದಳು; ನಾನು ಅದೇ ಸುದ್ದಿಯ ಮೇಲೆ ಕಣ್ಣಾಡಿಸುತ್ತ ಕೇಳುತ್ತಿದ್ದೆ, ವಾರದ ನಂತರ ಕಣ್ಣಿಲ್ಲದೆ ಕೇಳಿದೆ. ಗಂಟೆಗಳನ್ನು ಹೀಗೆ ದಿನದಿನಕ್ಕೆ ಹೆಚ್ಚಿಸಿ, ಆಮೇಲೆ ಜಗಲಿಯಲ್ಲಿ ಇಬ್ಬರು ಮೂವರ ನಡುವೆ, ಆಮೇಲೆ ಟಿವಿಯ ವಾರ್ತೆ, ಎಲ್ಲಕ್ಕಿಂತ ಕೊನೆಗೆ ದೇವರಾಜ ಮಾರುಕಟ್ಟೆಯಂಥ ಗದ್ದಲದ ಜಾಗ. ಗದ್ದಲದಲ್ಲಿ ಒಳ್ಳೆಯ ಮಿಷನ್ ಕೂಡ ಪವಾಡ ಮಾಡುವುದಿಲ್ಲವೆಂದು ಮೊದಲೇ ತಿಳಿದಿರಬೇಕು. ಮಾತನಾಡುವವರು ಒಂದೆರಡು ಮೀಟರ್ ಒಳಗೆ, ಮುಖ ಎದುರಿಗಿಟ್ಟು, ಕೂಗದೆ, ಸ್ವಲ್ಪ ನಿಧಾನವಾಗಿ ಹೇಳಿದರೆ ಆಗುವ ಉಪಕಾರವನ್ನು ಯಾವ ತಂತ್ರಜ್ಞಾನವೂ ಮಾಡಲಾರದು. ಅಡಿಗೆಮನೆಯಿಂದ ಬೆನ್ನು ತಿರುಗಿಸಿ ನಿಂತು, ಕುಕ್ಕರ್ ಕೂಗುತ್ತಿರುವಾಗ ‘ಅಪ್ಪಾ, ಊಟಕ್ಕೆ ಬನ್ನಿ’ ಎಂದು ಕರೆದು, ಉತ್ತರ ಬರದಿದ್ದಾಗ ಮಿಷನ್ನನ್ನು ದೂರುವುದು ನ್ಯಾಯವಲ್ಲ.

ನಿಮ್ಮ ಪತ್ರದಲ್ಲಿಲ್ಲದ, ಆದರೆ ಡಬ್ಬಿ ಸೇರುವ ಮಿಷನ್‌ಗಳ ಹಿಂದೆ ಆಗಾಗ ಅಡಗಿರುವ ಇನ್ನೊಂದು ಕಾರಣ ಅಚ್ಚು. ಕಿವಿಯ ಹಿಂದೆ ಕೂರುವ ಸಾಧನದ ಸದ್ದನ್ನು ನಳಿಕೆಯ ಮೂಲಕ ಒಳಗೆ ಒಯ್ಯುವ ಈ ಅಚ್ಚು, ಅಂದರೆ ಮೋಲ್ಡ್, ಆಯಾ ಕಿವಿಯ ಆಕಾರಕ್ಕೆ ತಕ್ಕಂತೆ ಮಾಡಿದ್ದಾದರೆ ಒಳ್ಳೆಯದು. ಸಿದ್ಧವಾಗಿ ಸಿಗುವ ರಬ್ಬರ್ ತುದಿ ಕೆಲವರಿಗೆ ಸರಿಹೋದರೂ, ನಷ್ಟ ಹೆಚ್ಚಿರುವವರಿಗೆ ಸಂದಿಯಿಂದ ಸದ್ದು ಹೊರಗೆ ಸೋರಿ ಮೈಕಿಗೆ ಮರಳಿ ಸೀಟಿ ಹೊಡೆಯುತ್ತದೆ. ದವಡೆ ಆಡಿದಾಗ ಕಿವಿಯ ನಾಳ ತುಸು ಆಕಾರ ಬದಲಿಸುವುದರಿಂದ ಅಗಿಯುವಾಗ ಈ ಸೀಟಿ ಹೆಚ್ಚು. ಮುದ್ದೆ ನುಂಗುವಾಗ ಬಾರದ ಸೀಟಿ ಚಕ್ಕುಲಿ ಅಗಿಯುವಾಗ ಬರುತ್ತದೆಯಾದರೆ ಅಚ್ಚು ಸಡಿಲವಾಗಿದೆ ಎಂದೇ ನನ್ನ ಲೆಕ್ಕ. ಇದಕ್ಕೆ ತದ್ವಿರುದ್ಧವಾಗಿ ಅಚ್ಚು ಕಿವಿಯನ್ನು ಪೂರ್ತಿ ಮುಚ್ಚಿದರೆ ತನ್ನ ದನಿಯೇ ಹಂಡೆಯೊಳಗೆ ಬಾಯಿಟ್ಟು ಮಾತನಾಡಿದಂತೆ ಮೊಳಗುತ್ತದೆ. ಅಚ್ಚಿನಲ್ಲಿ ಗಾಳಿಗೊಂದು ಸಣ್ಣ ರಂಧ್ರ ಕೊರೆದರೆ ಅದು ಬಹಳಮಟ್ಟಿಗೆ ತಗ್ಗುತ್ತದೆ. ಗುಗ್ಗೆ ಕಟ್ಟಿಕೊಂಡ ಕಿವಿಗೆ ಇದ್ಯಾವುದೂ ಪ್ರಯೋಜನವಿಲ್ಲ, ಆದ್ದರಿಂದ ಮೊದಲು ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ. ಹೇರ್‌ಪಿನ್ನು, ಬೆಂಕಿಕಡ್ಡಿಗಳಿಂದ ಮನೆಯಲ್ಲಿ ಕೆದಕಬೇಡಿ.

ಇನ್ನು ಬೆಲೆಯ ವಿಷಯ. ಹೆಚ್ಚಿನ ಹಣಕ್ಕೆ ದೊರೆಯುವುದು ತಗ್ಗು, ಹೆಚ್ಚು ಕಂಪನಗಳನ್ನು ಬೇರೆಬೇರೆಯಾಗಿ ತಿದ್ದುವ ಇನ್ನಷ್ಟು ಚಾನೆಲ್‌ಗಳು, ಗದ್ದಲವನ್ನು ತಗ್ಗಿಸುವ ಚುರುಕು, ಮುಂದಿನಿಂದ ಬರುವ ಮಾತನ್ನು ಆರಿಸುವ ಮೈಕ್, ಮೊಬೈಲಿಗೆ ಬ್ಲೂಟೂತ್, ಚಾರ್ಜ್ ಮಾಡುವ ಸೌಲಭ್ಯ. ಸಭೆ, ಕಚೇರಿ, ಪಾಠ ಎಂದು ಓಡಾಡುವವರಿಗೆ ಇವು ಬೇಕು. ಹಳ್ಳಿಯ ಮನೆಯಲ್ಲಿ ನಾಲ್ಕು ಜನರೊಡನೆ ಮಾತನಾಡುವ 74ರ ಹಿರಿಯರಿಗೆ ಬಹುಪಾಲು ಬೇಕಿಲ್ಲ. ಅವರಿಗೆ ಒಂದು ದುಬಾರಿ ಮಿಷನ್ನಿಗಿಂತ, ಎರಡೂ ಕಿವಿ ಹೆಚ್ಚುಕಡಿಮೆ ಒಂದೇ ಸಮ ಮಂದವಾಗಿದ್ದರೆ, ಎರಡು ಸಾಧಾರಣ ಮಿಷನ್ನುಗಳೇ ಮೇಲು: ಸದ್ದು ಯಾವ ದಿಕ್ಕಿನಿಂದ ಬಂತೆಂದು ತಿಳಿಯಲು ಮಿದುಳು ಎರಡು ಕಿವಿಗಳನ್ನೂ ಹೋಲಿಸಿ ನೋಡುತ್ತದೆ, ರಸ್ತೆ ದಾಟುವವರಿಗೆ ಅದು ಸಣ್ಣ ವಿಷಯವಲ್ಲ. ನಿಮ್ಮ ತಂದೆಯವರ ಎಡಗಿವಿಯ ಗೆರೆ ಹೇಗಿದೆ ಎಂಬುದನ್ನು ನೀವು ಬರೆದಿಲ್ಲ, ಅದನ್ನು ವಿಚಾರಿಸಿ.

ಮಂಡ್ಯದವರಿಗೆ ಒಂದು ಅನುಕೂಲವಿದೆ. 1965ರಲ್ಲಿ ಆರಂಭವಾಗಿ ಈಗ ಕೇಂದ್ರ ಆರೋಗ್ಯ ಸಚಿವಾಲಯದ ಅಡಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ, ನಿಮ್ಮಿಂದ ಸುಮಾರು 45 ಕಿಲೋಮೀಟರ್. ಪರೀಕ್ಷೆ, ಸಾಧನವನ್ನು ಹಾಕಿ ನೋಡಿ ಆರಿಸುವುದು, ಅಚ್ಚು ತೆಗೆಯುವುದು ಎಲ್ಲವೂ ಅಲ್ಲಿ ನಡೆಯುತ್ತವೆ. ಹೊರರಾಜ್ಯಗಳಿಂದಲೂ ಜನ ಬರುವುದರಿಂದ ಇಡೀ ದಿನಕ್ಕೆ ಸಿದ್ಧರಾಗಿ, ಬೆಳಿಗ್ಗೆ ಬೇಗನೆ ಹೋಗುವುದು ಒಳಿತು. ಖಾಸಗಿಯವರಲ್ಲೇ ಮುಂದುವರಿಯುವುದಾದರೆ, ಮುಂದಿನ ಹೊಂದಾಣಿಕೆಗಳು ಎಷ್ಟು ಸಲ, ಎಷ್ಟು ವರ್ಷ ಬೆಲೆಯಲ್ಲಿ ಸೇರಿವೆ ಎಂಬುದನ್ನು ಬರಹದಲ್ಲಿ ಕೇಳಿ. ಸರ್ಕಾರದ ಉಚಿತ ಸಾಧನಗಳ ಬಗ್ಗೆಯೂ ಒಂದು ಮಾತು: 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಎರಡೂ ಕಿವಿಗಳಲ್ಲಿ 60 ಡೆಸಿಬೆಲ್ ನಷ್ಟವಿರುವವರನ್ನೇ ಮಂದಶ್ರವಣದವರೆಂದು ಗಣಿಸುವುದರಿಂದ, 50 ಡೆಸಿಬೆಲ್ ಆಸುಪಾಸಿನ ನಷ್ಟವಿರುವ ಅನೇಕ ಹಿರಿಯರು ನಿತ್ಯ ಕಷ್ಟಪಡುತ್ತಿದ್ದರೂ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ, ಅದರ ಮೇಲೆ ಸಿಗುವ ಸಾಧನಕ್ಕೆ ಒಳಪಡುವುದಿಲ್ಲ. ಕಿವಿಯ ಕಷ್ಟವನ್ನು ಅಂಕಿಯಲ್ಲಿ ಅಳೆಯುವ ಈ ಬಗೆ ನನಗೆ ಎಂದೂ ಸರಿಕಂಡಿಲ್ಲ.

ನೋಡಿಕೊಳ್ಳುವುದು ಕಷ್ಟವೇನಲ್ಲ. ತಲೆಗೆ ಎಣ್ಣೆ ಹಚ್ಚುವ ಮೊದಲು, ಸ್ನಾನಕ್ಕೆ ಮೊದಲು ತೆಗೆಯಬೇಕು. ಬೇಸಗೆಯ ಬೆವರು ತಗುಲಿದರೆ ಒಣಬಟ್ಟೆಯಿಂದ ಒರೆಸಿ, ರಾತ್ರಿ ತೇವ ಹೀರುವ ಸಿಲಿಕಾ ಹರಳುಗಳಿರುವ ಡಬ್ಬಿಯಲ್ಲಿಡಬೇಕು. ಆದರೆ ಕಿವಿ ಒಂದೆರಡು ದಿನಗಳಲ್ಲೇ ತಟ್ಟನೆ ಕೇಳಿಸದಾದರೆ, ಒಂದೇ ಕಿವಿ ಮಂದವಾದರೆ, ಕೀವು ಅಥವಾ ತಲೆಸುತ್ತು ಕಾಣಿಸಿಕೊಂಡರೆ ಅದು ಮಿಷನ್ನಿನ ವಿಷಯವಲ್ಲ, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಮೈಸೂರಿಗೆ ಹೊರಡುವ ಮುನ್ನ ಇಂದೇ ಮಾಡಬಹುದಾದ ಒಂದು ಕೆಲಸವಿದೆ. ಆ ಡಬ್ಬಿಯನ್ನು ತೆಗೆದು, ಮಿಷನ್ನಿನ ಸೆಲ್ಲಿನ ಬಾಗಿಲನ್ನು ಉಗುರಿನಿಂದ ಬಿಡಿಸಿ ನೋಡಿ. ಗುಂಡಿಯಂಥ ಸೆಲ್ಲು ವರ್ಷದಿಂದ ಒಳಗೇ ಉಳಿದಿದ್ದು, ಸುತ್ತ ಬಿಳಿಯ ಪುಡಿ ಕಟ್ಟಿದ್ದರೆ ಅದನ್ನು ಮನೆಯಲ್ಲಿ ಕೆರೆಯದೆ ಹಾಗೆಯೇ ಒಯ್ಯಿರಿ. ಶುಚಿಯಾಗಿದ್ದರೆ ಅದೇ ಅಳತೆಯ ಹೊಸ ಸೆಲ್ಲು ತನ್ನಿ. ಅಳತೆಯನ್ನು ಅದರ ಮೇಲಿನ ಅಂಟುಚೀಟಿಯ ಬಣ್ಣವೇ ಹೇಳುತ್ತದೆ: 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಈ ಸೆಲ್ಲು ಗಾಳಿಯಿಂದ ನಡೆಯುವಂಥದ್ದು, ಆದ್ದರಿಂದ ಚೀಟಿ ಕಿತ್ತ ಮೇಲೆ ಒಂದು ನಿಮಿಷ ಬಿಟ್ಟು ಒಳಗೆ ಹಾಕಬೇಕು. ಆನಂತರ ನಿಮ್ಮ ತಂದೆಯವರ ಕೈಯಲ್ಲೇ ಮಿಷನ್ನನ್ನು ಕೊಟ್ಟು ಹಾಕಿಕೊಳ್ಳಲು ಹೇಳಿ, ಫ್ಯಾನು ಆರಿಸಿ, ಎದುರಿಗೆ ಕುಳಿತು, ಯಾವ ಸದ್ದು ಚುಚ್ಚುತ್ತದೆ ಎಂದು ಕೇಳಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಡಿಯಾಲಜಿಸ್ಟ್ ಮೊದಲು ಕೇಳುವುದು ಅದನ್ನೇ.