ಉಂಡಿಲ್ಲ ಎಂದರೆ ಎಲೆ ಹಾಕಿಲ್ಲ ಎಂದಲ್ಲ

ಸಂಪುಟ ಭರ್ತಿಯಾಗಿ ಕೆಲವು ತಿಂಗಳು ಕಳೆದರೆ ನಿಗಮ, ಮಂಡಳಿ, ಸಲಹೆಗಾರ ಹುದ್ದೆಗಳ ಪಟ್ಟಿ ಹೊರಬೀಳುತ್ತದೆ. ಮಂತ್ರಿಗಿರಿ ತಪ್ಪಿದವರಿಗೆ ಸಂಪುಟ ದರ್ಜೆ, ಅದೂ ತಪ್ಪಿದವರಿಗೆ ರಾಜ್ಯ ಸಚಿವರ ದರ್ಜೆ. ಹಾರ ತುರಾಯಿ ಬಾಡುವ ಮೊದಲೇ ಯಾರೋ ಒಬ್ಬರು ರಾಜ್ಯಪಾಲರಿಗೆ ಅರ್ಜಿ ಕೊಡುತ್ತಾರೆ: ಇವರು ಲಾಭದಾಯಕ ಹುದ್ದೆಯಲ್ಲಿದ್ದಾರೆ, ಶಾಸಕತ್ವ ರದ್ದಾಗಲಿ. ಆಗ ಶಾಸಕರೂ ಅವರ ಆಪ್ತ ಸಹಾಯಕರೂ ಮೊದಲು ಹೇಳುವ ಮಾತು ಒಂದೇ. "ನಾವು ಒಂದು ರೂಪಾಯಿ ಸಂಬಳ ಮುಟ್ಟಿಲ್ಲ ಸಾರ್." ಹೇಳುವಾಗ ಮುಖದಲ್ಲಿ ನಿಜವಾದ ನೋವು ಇರುತ್ತದೆ. ಪಾಪ, ಬಹಳಷ್ಟು ಜನ ನಿಜವಾಗಿಯೂ ಮುಟ್ಟಿರುವುದಿಲ್ಲ. ಆದರೆ ಕಾನೂನು ಕೇಳುವ ಪ್ರಶ್ನೆ ಅದಲ್ಲ.

ಸಂವಿಧಾನದ 102(1)(ಎ) ವಿಧಿ ಸಂಸದರಿಗೆ, 191(1)(ಎ) ವಿಧಿ ವಿಧಾನಸಭೆ, ವಿಧಾನ ಪರಿಷತ್ತುಗಳ ಸದಸ್ಯರಿಗೆ. ಎರಡರಲ್ಲೂ ಇರುವುದು ಸರ್ಕಾರದ ಅಧೀನದಲ್ಲಿ ಲಾಭದಾಯಕ ಹುದ್ದೆಯನ್ನು "ಹೊಂದಿದ್ದರೆ" ಎಂಬ ಮಾತು. "ಲಾಭ ಪಡೆದಿದ್ದರೆ" ಎಂದಲ್ಲ. ಹುದ್ದೆಗೆ ಲಾಭ ಅಂಟಿಕೊಂಡಿದೆಯೇ ಎಂಬುದು ಪ್ರಶ್ನೆ. ಕೂತವರು ಅದನ್ನು ಜೇಬಿಗೆ ಹಾಕಿಕೊಂಡರೋ, ಬೇಡವೆಂದು ಬಿಟ್ಟರೋ, ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಕೊಟ್ಟರೋ ಎಂಬುದಲ್ಲ. ಪಂಕ್ತಿಯಲ್ಲಿ ನಿಮ್ಮ ಮುಂದೆ ಎಲೆ ಹಾಕಿ ಬಡಿಸಿದ್ದಾರೆ. ನೀವು ಉಪವಾಸ ಎದ್ದಿರಬಹುದು. ಎಲೆ ಹಾಕಿದ್ದಂತೂ ಸುಳ್ಳಾಗುವುದಿಲ್ಲ.

ಇದನ್ನು ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ಹೇಳಿದ್ದು ಜಯಾ ಬಚ್ಚನ್ ಪ್ರಕರಣ. ರಾಜ್ಯಸಭಾ ಸದಸ್ಯೆಯಾಗಿದ್ದ ಅವರನ್ನು ಉತ್ತರ ಪ್ರದೇಶ ಸರ್ಕಾರ 2004ರ ಜುಲೈ 14ರಂದು ಅಲ್ಲಿನ ಚಲನಚಿತ್ರ ಅಭಿವೃದ್ಧಿ ಪರಿಷತ್ತಿನ ಅಧ್ಯಕ್ಷರನ್ನಾಗಿ, ಸಂಪುಟ ದರ್ಜೆಯೊಂದಿಗೆ ನೇಮಿಸಿತು. ಆದೇಶದಲ್ಲಿದ್ದ ಸೌಲಭ್ಯಗಳನ್ನು ಒಮ್ಮೆ ನೋಡಿ: ತಿಂಗಳಿಗೆ 5,000 ರೂಪಾಯಿ ಗೌರವಧನ, ರಾಜ್ಯದೊಳಗೆ ದಿನಕ್ಕೆ 600 ಮತ್ತು ಹೊರಗೆ 750 ರೂಪಾಯಿ ದಿನಭತ್ಯೆ, ಆತಿಥ್ಯಕ್ಕೆ ತಿಂಗಳಿಗೆ 10,000, ಚಾಲಕ ಸಹಿತ ಕಾರು, ಫೋನು, ಸಿಬ್ಬಂದಿ, ಅಂಗರಕ್ಷಕ, ಉಚಿತ ವಸತಿ, ಕುಟುಂಬಕ್ಕೆ ವೈದ್ಯಕೀಯ ಸೌಲಭ್ಯ. ಇದ್ಯಾವುದನ್ನೂ ತಾವು ಪಡೆದಿಲ್ಲ ಎಂಬುದೇ ಅವರ ವಾದ. ಸುಪ್ರೀಂ ಕೋರ್ಟ್ 2006ರ ಮೇ 8ರಂದು ಕೊಟ್ಟ ತೀರ್ಪಿನ ತಿರುಳು ಇಷ್ಟು: ಹುದ್ದೆ ಲಾಭ ತರಬಲ್ಲುದೇ ಎಂಬುದು ಮುಖ್ಯ, ಲಾಭ ಬಂತೇ ಎಂಬುದಲ್ಲ. ಸಂದಾಯವಾಗತಕ್ಕ ಹಣ ಇದ್ದರೆ ಸಾಕು, ಸಂದಾಯ ಆಗಿರಲೇಬೇಕಿಲ್ಲ. ಅವರನ್ನು ಅನರ್ಹಗೊಳಿಸಿದ ರಾಷ್ಟ್ರಪತಿಗಳ ಆದೇಶ ಹೊರಟದ್ದು 2006ರ ಮಾರ್ಚ್‌ನಲ್ಲಿ. ಅನರ್ಹತೆ ಜಾರಿಗೆ ಬಂದದ್ದು ಮಾತ್ರ ನೇಮಕದ ದಿನದಿಂದ. ಆಮೇಲೆ ರಾಜೀನಾಮೆ ಕೊಟ್ಟು ಕೈತೊಳೆದುಕೊಳ್ಳುತ್ತೇನೆ ಎನ್ನುವವರು ಈ ದಿನಾಂಕಗಳನ್ನು ಇನ್ನೊಮ್ಮೆ ಓದಬೇಕು.

"ಹಾಗಾದರೆ ಗೌರವ ಹುದ್ದೆ ಅಂತಲೇ ಇರೋದಿಲ್ವಾ?" ಇದು ಮುಂದಿನ ಪ್ರಶ್ನೆ. ಇರುತ್ತದೆ. ಹಿಮಾಚಲ ಪ್ರದೇಶದ ಶಾಲಾ ಶಿಕ್ಷಣ ಮಂಡಳಿ ಅಧ್ಯಕ್ಷ ಹುದ್ದೆಗೆ ವೇತನ ಶ್ರೇಣಿಯೇ ಇತ್ತು. ಆದರೂ 1975ರ ದಿವ್ಯ ಪ್ರಕಾಶ್ ಪ್ರಕರಣದಲ್ಲಿ ಅಲ್ಲಿನ ಅಧ್ಯಕ್ಷರು ಪಾರಾದರು. ಕಾರಣ, ಅವರನ್ನು ನೇಮಿಸಿದ ಆದೇಶವೇ ಸಂಬಳವಿಲ್ಲದ ಗೌರವ ನೆಲೆಯದ್ದು. ಹಣ ಕೇಳುವ ಹಕ್ಕೇ ಅವರಿಗೆ ಹುಟ್ಟಿರಲಿಲ್ಲ. ಆದೇಶದಲ್ಲೇ ಇಲ್ಲದಿರುವುದು ಒಂದು, ಆದೇಶದಲ್ಲಿದ್ದದ್ದನ್ನು ಬೇಡವೆನ್ನುವುದು ಇನ್ನೊಂದು. ಮೊದಲನೆಯದು ರಕ್ಷಣೆ. ಎರಡನೆಯದು ಪತ್ರಿಕೆಯಲ್ಲಿ ಒಳ್ಳೆಯ ಸುದ್ದಿಯಾಗುತ್ತದೆ, ಅಷ್ಟೇ.

ಹಣವೆಲ್ಲ ಲಾಭವಲ್ಲ ಎಂಬುದೂ ನಿಜ. ಇದಕ್ಕೆ ದೂರ ಹೋಗಬೇಕಿಲ್ಲ, ನಮ್ಮ ಗುಬ್ಬಿಯೇ ಸಾಕು. ಗುಬ್ಬಿ ತಾಲ್ಲೂಕು ಅಭಿವೃದ್ಧಿ ಸಮಿತಿಯ ಅಧ್ಯಕ್ಷರಿಗೆ ಹಾಜರಾದ ಪ್ರತಿ ಸಭೆಗೆ 6 ರೂಪಾಯಿ ಸಿಗುತ್ತಿತ್ತು. ಅದು ಕೈಯಿಂದ ಹೋದ ಖರ್ಚು ತುಂಬಿಕೊಡುವ ಹಣ, ಗಳಿಕೆಯಲ್ಲ ಎಂದು ಸುಪ್ರೀಂ ಕೋರ್ಟ್ 1954ರಲ್ಲಿ ಹೇಳಿತು. ಇದೇ ಎಳೆ ಮುಂದೆ ಸಂಸತ್ತಿನ 1959ರ ಅನರ್ಹತಾ ನಿವಾರಣಾ ಕಾಯ್ದೆಯಲ್ಲಿ "ಪರಿಹಾರಾತ್ಮಕ ಭತ್ಯೆ" ಎಂಬ ವ್ಯಾಖ್ಯೆಯಾಯಿತು: ದಿನಭತ್ಯೆ (ಸಂಸದರಿಗೆ ಸಿಗುವುದನ್ನು ಮೀರದಂತೆ), ವಾಹನ ಭತ್ಯೆ, ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ. ಗೌರವಧನ ಈ ಪಟ್ಟಿಯಲ್ಲಿಲ್ಲ. ಹೆಸರಲ್ಲಿ ಗೌರವ ಇದ್ದರೂ ಅದು ಧನವೇ.

ಹುದ್ದೆ ಸರ್ಕಾರದ ಅಧೀನದಲ್ಲಿದೆಯೇ ಎಂಬ ಎರಡನೇ ಅರ್ಧಕ್ಕೂ ಕನ್ನಡ ನಾಡಿನ ಮೊಕದ್ದಮೆಗಳೇ ದಾರಿ ತೋರಿವೆ. ಭದ್ರಾವತಿಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯ ನೌಕರರೊಬ್ಬರು ಶಾಸಕರಾದಾಗ, ಕಾರ್ಖಾನೆ ಸರ್ಕಾರದ್ದೇ ಆದರೂ ಅದು ಪ್ರತ್ಯೇಕ ಕಂಪನಿ, ಆದ್ದರಿಂದ ನೌಕರಿ ಸರ್ಕಾರದ ಅಧೀನದ್ದಲ್ಲ ಎಂದು 1969ರಲ್ಲಿ ತೀರ್ಮಾನವಾಯಿತು. 1971ರ ಶಿವಮೂರ್ತಿ ಸ್ವಾಮಿ ಇನಾಮದಾರ್ ಪ್ರಕರಣದಲ್ಲಿ ಒರೆಗಲ್ಲುಗಳು ಒಟ್ಟಾಗಿ ಸಿಕ್ಕವು: ನೇಮಿಸುವವರು ಯಾರು, ತೆಗೆಯುವ ಅಧಿಕಾರ ಯಾರದ್ದು, ಹಣ ಕೊಡುವವರು ಯಾರು, ಮಾಡುವ ಕೆಲಸ ಏನು ಮತ್ತು ಅದು ಸರ್ಕಾರದ ಪರವಾಗಿಯೇ, ಕೆಲಸದ ಮೇಲೆ ಹಿಡಿತ ಯಾರದ್ದು. ಐದೂ ಇರಲೇಬೇಕೆಂದಿಲ್ಲ, ಒಂದು ಇದ್ದ ಮಾತ್ರಕ್ಕೆ ಮುಗಿಯಿತು ಎಂದೂ ಅಲ್ಲ. ಒಟ್ಟು ತೂಗಿ ನೋಡುತ್ತಾರೆ. ಹಾಗಾಗಿ ಆದೇಶದ ಪ್ರತಿ ಮುಂದಿಡದೆ "ನಂದು ಲಾಭದಾಯಕ ಹುದ್ದೆನಾ?" ಎಂದು ಫೋನಿನಲ್ಲಿ ಕೇಳಿದರೆ ಜವಾಬ್ದಾರಿಯುಳ್ಳ ಯಾವ ವಕೀಲರೂ ಉತ್ತರ ಹೇಳಬಾರದು.

ಹುದ್ದೆ ಲಾಭದಾಯಕವಾದರೂ ಅನರ್ಹತೆ ಅಂಟದಂತೆ ಕಾನೂನು ಕೊಡುವ ವಿನಾಯಿತಿಯ ವಿಷಯದಲ್ಲಿ ಇನ್ನೊಂದು ಎಡವಟ್ಟು. 102ನೇ ವಿಧಿಯ ಪ್ರಕಾರ ಹುದ್ದೆಗೆ ವಿನಾಯಿತಿ ಕೊಡಬೇಕಾದ್ದು ಸಂಸತ್ತು, 191ರ ಪ್ರಕಾರ ರಾಜ್ಯದ ಶಾಸಕಾಂಗ. ನಮ್ಮಲ್ಲಿ ಶಾಸಕರನ್ನು ಕಾಯುವುದು ಕರ್ನಾಟಕ ವಿಧಾನಮಂಡಲ (ಅನರ್ಹತಾ ನಿವಾರಣಾ) ಅಧಿನಿಯಮ, 1956. ಅದೇ ಹುದ್ದೆಯಲ್ಲಿ ಸಂಸದರನ್ನು ಕೂರಿಸಿದರೆ ರಾಜ್ಯದ ಕಾಯ್ದೆ ಅವರ ನೆರವಿಗೆ ಬರುವುದಿಲ್ಲ. ಕೊಡೆ ಯಾರದ್ದೆಂದು ನೋಡದೆ ಮಳೆಗೆ ಇಳಿಯುವವರು ಬಹಳ. ವಿನಾಯಿತಿಯನ್ನು ಪೂರ್ವಾನ್ವಯವಾಗಿಯೂ, ಅಂದರೆ ಹಿಂದಿನ ದಿನಾಂಕದಿಂದ ಅನ್ವಯಿಸುವಂತೆಯೂ, ಕೊಡಬಹುದು. 1969ರ ಕಾಂತಾ ಕಥೂರಿಯಾ ಪ್ರಕರಣದಿಂದ ಇದು ಇತ್ಯರ್ಥವಾಗಿದೆ. 2006ರಲ್ಲಿ ಸಂಸತ್ತು 50ಕ್ಕೂ ಹೆಚ್ಚು ಹುದ್ದೆಗಳಿಗೆ ಹಾಗೆಯೇ ರಕ್ಷಣೆ ಕೊಟ್ಟಿತು. ರಾಷ್ಟ್ರಪತಿ ಅಬ್ದುಲ್ ಕಲಾಂ ಮಸೂದೆಯನ್ನು ಮರುಪರಿಶೀಲನೆಗೆ ಹಿಂದಿರುಗಿಸಿದರು, ಉಭಯ ಸದನಗಳು ಅದನ್ನೇ ಮತ್ತೆ ಅಂಗೀಕರಿಸಿದವು, 2009ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದರೆ ಇದನ್ನೇ ನೆಚ್ಚಿ ಕೂರಬೇಡಿ. ದೆಹಲಿಯಲ್ಲಿ 2015ರ ಮಾರ್ಚ್‌ನಲ್ಲಿ 21 ಶಾಸಕರು ಸಚಿವರಿಗೆ ನೆರವಾಗುವ ಸಂಸದೀಯ ಕಾರ್ಯದರ್ಶಿಗಳಾದರು, ಜೂನ್‌ನಲ್ಲಿ ವಿನಾಯಿತಿ ಮಸೂದೆ ಅಂಗೀಕಾರವಾಯಿತು, 2016ರಲ್ಲಿ ರಾಷ್ಟ್ರಪತಿಗಳ ಅಂಕಿತವೇ ಸಿಗಲಿಲ್ಲ. 2018ರ ಜನವರಿಯಲ್ಲಿ 20 ಮಂದಿ ಅನರ್ಹರಾದರು. ಎರಡು ತಿಂಗಳ ಬಳಿಕ ದೆಹಲಿ ಹೈಕೋರ್ಟ್ ಆ ಆದೇಶ ರದ್ದುಮಾಡಿದ್ದು ನಿಜ. ಆದರೆ ಅದು ಚುನಾವಣಾ ಆಯೋಗ ಸರಿಯಾಗಿ ವಾದ ಆಲಿಸಲಿಲ್ಲ ಎಂಬ ಕಾರಣಕ್ಕೆ, ಹುದ್ದೆ ಲಾಭದಾಯಕವಲ್ಲ ಎಂದಲ್ಲ.

ಇಲ್ಲಿ ಸಂಸತ್ತಿನ ಜಂಟಿ ಸಮಿತಿಯ ಮಾತು ಬರಬೇಕು. ಲಾಭದಾಯಕ ಹುದ್ದೆಗಳ ಮೇಲಿನ ಈ ಸಮಿತಿಯಲ್ಲಿ 15 ಮಂದಿ, ಲೋಕಸಭೆಯಿಂದ 10, ರಾಜ್ಯಸಭೆಯಿಂದ 5. ಸರ್ಕಾರಗಳು ನೇಮಿಸುವ ಸಮಿತಿ, ಮಂಡಳಿಗಳ ರಚನೆ ಹೇಗಿದೆ, ಸ್ವರೂಪ ಏನು, ಯಾವ ಹುದ್ದೆ ಅನರ್ಹತೆ ತರಬೇಕು, ಯಾವುದು ತರಬಾರದು ಎಂದು ಪರಿಶೀಲಿಸಿ ಶಿಫಾರಸು ಮಾಡುತ್ತದೆ. ಶಿಫಾರಸು ಮಾತ್ರ. ಹೆಸರು ಹಿಡಿದು ಯಾರನ್ನೂ ಮನೆಗೆ ಕಳಿಸುವುದಿಲ್ಲ, ನೇಮಕಕ್ಕೆ ಮೊದಲು ಅಭ್ಯರ್ಥಿಯನ್ನು ಕರೆದು ಪ್ರಶ್ನಿಸುವುದೂ ಇಲ್ಲ. ಅಮೆರಿಕದ ಸೆನೆಟ್ ವಿಚಾರಣೆಗಳನ್ನು ಟಿವಿಯಲ್ಲಿ ನೋಡಿದವರು ನಮ್ಮ ಸಮಿತಿಗೂ ಆ ಹಲ್ಲಿದೆ ಎಂದುಕೊಳ್ಳುತ್ತಾರೆ. ಇಲ್ಲಿ ಶಾಸಕಾಂಗದ ಕೈಯಲ್ಲಿರುವುದು ಪ್ರಶ್ನೆ, ಚರ್ಚೆ, ಬಜೆಟ್ ಅನುದಾನ, ಲೆಕ್ಕಪತ್ರ ಸಮಿತಿ, ಭರವಸೆಗಳ ಸಮಿತಿ. ಸರಿಯಾಗಿ ಬಳಸಿದರೆ ಇವು ಕಡಿಮೆಯೇನಲ್ಲ. ಬಳಸುವ ರೀತಿಯಲ್ಲೇ ತೊಂದರೆ. ಸಚಿವರು ಸದನದಲ್ಲೇ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಯಲ್ಲಿ "ಸಲಹೆಗಾರರಿಗೆ ಎಷ್ಟು ವೇತನ ಪಾವತಿಸಲಾಗಿದೆ?" ಎಂದು ಕೇಳಿದರೆ "ಪಾವತಿಸಿರುವುದಿಲ್ಲ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ, ಕಥೆ ಮುಗಿಯುತ್ತದೆ. ಕೇಳಬೇಕಾದ್ದು: ನೇಮಕಾತಿ ಆದೇಶದ ಪ್ರಕಾರ ಅವರು ಯಾವ ಯಾವ ಸೌಲಭ್ಯಗಳಿಗೆ ಅರ್ಹರು, ಅದರ ವೆಚ್ಚ ಯಾವ ಲೆಕ್ಕಶೀರ್ಷಿಕೆಯಡಿ, ಆರ್ಥಿಕ ಇಲಾಖೆಯ ಸಹಮತಿ ಯಾವ ದಿನಾಂಕದ್ದು, ಆದೇಶಗಳ ಪ್ರತಿಯನ್ನು ಸದನದಲ್ಲಿ ಮಂಡಿಸುವಿರಾ.

ಶಾಸಕರಲ್ಲದ ಸಲಹೆಗಾರರು, ಅಂದರೆ ನಿವೃತ್ತ ಅಧಿಕಾರಿ, ಪತ್ರಕರ್ತ, ಅರ್ಥಶಾಸ್ತ್ರಜ್ಞರಿಗೆ ಅನರ್ಹತೆಯ ಚಿಂತೆಯಿಲ್ಲ, ಹುದ್ದೆಯಲ್ಲಿದ್ದುಕೊಂಡೇ ಚುನಾವಣೆಗೆ ನಿಲ್ಲುವ ತನಕ. ಅವರ ವಿಷಯದಲ್ಲಿ ಬೇರೆ ತಕರಾರಿದೆ. 2003ರ 91ನೇ ತಿದ್ದುಪಡಿ ಬಂದ ಮೇಲೆ 164(1ಎ) ವಿಧಿಯಂತೆ ಮುಖ್ಯಮಂತ್ರಿ ಸೇರಿ ಸಚಿವರ ಸಂಖ್ಯೆ ವಿಧಾನಸಭೆಯ ಬಲದ ಶೇ 15 ಮೀರುವಂತಿಲ್ಲ. ನಮ್ಮ 224ಕ್ಕೆ ಅದು 33.6, ರೂಢಿಯಲ್ಲಿ 34. ಸಂಪುಟ ದರ್ಜೆಯವರು ಈ ಲೆಕ್ಕಕ್ಕೆ ಸೇರುವುದಿಲ್ಲ. ಯಾಕೆಂದರೆ ಅವರು ಸಚಿವರೇ ಅಲ್ಲ. ದರ್ಜೆ ಎಂದರೆ ಸರ್ಕಾರಿ ಕಾರು, ಕೊಠಡಿ, ಸಮಾರಂಭದಲ್ಲಿ ಮುಂದಿನ ಸಾಲು. ರಾಜ್ಯಪಾಲರ ಮುಂದೆ ಗೋಪ್ಯತಾ ಪ್ರಮಾಣ ಸ್ವೀಕರಿಸಿಲ್ಲ, ಸಂಪುಟದ ಟಿಪ್ಪಣಿ ನೋಡುವ ಹಕ್ಕಿಲ್ಲ, ಸದನದ ಸದಸ್ಯರಲ್ಲದಿದ್ದರೆ ಅಲ್ಲಿ ಎದ್ದು ಉತ್ತರಿಸುವಂತೆಯೂ ಇಲ್ಲ. ಕಾರ್ಯನಿರ್ವಹಣೆಯ ನಿಯಮಗಳಲ್ಲಿ ಕಡತ ಹೋಗುವ ದಾರಿ ಕಾರ್ಯದರ್ಶಿಯಿಂದ ಸಚಿವರಿಗೆ, ಸಚಿವರಿಂದ ಮುಖ್ಯಮಂತ್ರಿಗೆ. ನಡುವೆ ಸಲಹೆಗಾರರಿಗೆ ನಿಲ್ದಾಣವಿಲ್ಲ.

ಆದರೂ ಫೋನು ಬರುತ್ತದೆ. "ಸಾಹೇಬ್ರು ಹೇಳಿದ್ದಾರೆ, ಆ ಫೈಲ್ ಇವತ್ತೇ ಮುಗಿಸಿ." ಅಧಿಕಾರಿಗಳು ಇಲ್ಲಿ ಎರಡು ಬಗೆಯಲ್ಲಿ ತಪ್ಪುತ್ತಾರೆ. ಕೆಲವರು ಹೇಳಿದಂತೆ ಮಾಡಿ, ಟಿಪ್ಪಣಿಯಲ್ಲಿ "ಚರ್ಚಿಸಿದಂತೆ" ಎಂದು ಬರೆದು ಕೈಬಿಡುತ್ತಾರೆ. ಯಾರೊಂದಿಗೆ ಚರ್ಚೆ, ಯಾವಾಗ, ಒಂದೂ ಇಲ್ಲ. ನಾಳೆ ಲೆಕ್ಕಪರಿಶೋಧನೆಯ ಆಕ್ಷೇಪ ಬಂದಾಗ ಆ ಪದದ ಕೆಳಗೆ ಉಳಿಯುವುದು ಅವರ ಸಹಿ ಒಂದೇ. ಇನ್ನು ಕೆಲವರು ಶೌರ್ಯ ತೋರಿಸಿ ಫೋನಿನಲ್ಲೇ ಜಗಳಕ್ಕೆ ನಿಲ್ಲುತ್ತಾರೆ. ಎರಡೂ ಬೇಡ. ಅಖಿಲ ಭಾರತ ಸೇವಾ (ನಡತೆ) ನಿಯಮಗಳು, 1968ರ 3(3)ನೇ ನಿಯಮದಂತೆ ಮೇಲಧಿಕಾರಿಯ ನಿರ್ದೇಶನ ಸಾಮಾನ್ಯವಾಗಿ ಲಿಖಿತದಲ್ಲಿರಬೇಕು. ಮೌಖಿಕವಾಗಿದ್ದರೆ ಬೇಗನೆ ಲಿಖಿತ ದೃಢೀಕರಣ ಪಡೆಯಬೇಕು. 2013ರ ಅಕ್ಟೋಬರ್ 31ರ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ಇದನ್ನು ಇನ್ನಷ್ಟು ಬಿಗಿ ಮಾಡಿತು. ಸಲಹೆಗಾರರಂತೂ ಮೇಲಧಿಕಾರಿಯೇ ಅಲ್ಲ. ವಿನಯದಿಂದ ಒಂದು ವಾಕ್ಯ ಸಾಕು: "ದಯವಿಟ್ಟು ಮಾನ್ಯ ಸಚಿವರಿಂದ ಷರಾ ಹಾಕಿಸಿ ಕಳಿಸಿ, ಕೂಡಲೇ ಮಂಡಿಸುತ್ತೇನೆ." ಆಮೇಲೆ ದಿನಾಂಕ, ಸಮಯ ಹಾಕಿ, ಫೋನು ಮಾಡಿದವರ ಹೆಸರು ಸಹಿತ ಕಡತದಲ್ಲೇ ಟಿಪ್ಪಣಿ. ನಿಷ್ಪಕ್ಷಪಾತ ಎನ್ನುವ ದೊಡ್ಡ ಪದ ಕಚೇರಿಯಲ್ಲಿ ಹೆಚ್ಚಾಗಿ ಇಷ್ಟು ಸಣ್ಣ ಅಕ್ಷರದಲ್ಲೇ ಇರುತ್ತದೆ.

ದೂರು ಕೊಡುವವರೂ ಬಾಗಿಲು ತಪ್ಪುತ್ತಾರೆ. ಆಯ್ಕೆಯಾದ ಮೇಲೆ ಅಂಟಿದ ಅನರ್ಹತೆಗೆ ರಾಜ್ಯಪಾಲರು (192ನೇ ವಿಧಿ), ಸಂಸದರಾದರೆ ರಾಷ್ಟ್ರಪತಿಗಳು (103). ಅವರು ಚುನಾವಣಾ ಆಯೋಗದ ಅಭಿಪ್ರಾಯ ಪಡೆದು ಅದರಂತೆಯೇ ನಡೆಯಬೇಕು, ಸ್ವಂತ ವಿವೇಚನೆಗೆ ಅವಕಾಶವಿಲ್ಲ. ನಾಮಪತ್ರ ಪರಿಶೀಲನೆಯ ದಿನವೇ ಹುದ್ದೆಯಲ್ಲಿದ್ದರು ಎನ್ನುವುದಾದರೆ ದಾರಿ ಹೈಕೋರ್ಟಿಗೆ, ಚುನಾವಣಾ ತಕರಾರು ಅರ್ಜಿಯಾಗಿ, ಫಲಿತಾಂಶದಿಂದ 45 ದಿನಗಳೊಳಗೆ. 46ನೇ ದಿನ ಬಂದು ರಾಜಭವನದ ವಿಳಾಸ ಕೇಳಿದರೆ ಮಾಡುವಂಥದ್ದು ಏನೂ ಉಳಿದಿರುವುದಿಲ್ಲ.

ಹುದ್ದೆ ಒಪ್ಪುವ ಶಾಸಕರು ಅಧಿಕಾರ ಸ್ವೀಕಾರದ ಮುಹೂರ್ತ ನೋಡುವುದಕ್ಕೆ ಮೊದಲು ಆದೇಶ ಓದಬೇಕು. ಪ್ರಸ್ತಾವನೆ ಬಿಡಿ, ಷರತ್ತುಗಳಿಗೆ ಹೋಗಿ. "ಸಂಪುಟ ದರ್ಜೆ ಸಚಿವರಿಗೆ ಲಭ್ಯವಾಗುವ ಎಲ್ಲ ಸೌಲಭ್ಯಗಳಿಗೆ ಅರ್ಹರು" ಎಂಬಂಥ ಸಾಲು ಕಂಡರೆ ಅಲ್ಲಿಯೇ ನಿಲ್ಲಿ. ಹುದ್ದೆ 1956ರ ಅಧಿನಿಯಮದ ಪಟ್ಟಿಯಲ್ಲಿ ಅದೇ ಹೆಸರಿನಲ್ಲಿ ಇದೆಯೇ ನೋಡಿ. ನಿಗಮದ ಹೆಸರು ಬದಲಾಗಿ ಪಟ್ಟಿಯಲ್ಲಿ ಹಳೆಯ ಹೆಸರೇ ಉಳಿದಿದ್ದರೆ ವಾದಕ್ಕೆ ಎಡೆಯಾಗುತ್ತದೆ. ಹುದ್ದೆ ಪಟ್ಟಿಯಲ್ಲೇ ಇಲ್ಲದಿದ್ದರೆ, "ಗೌರವ ನೆಲೆಯಲ್ಲಿ, ಪರಿಹಾರಾತ್ಮಕ ಭತ್ಯೆ ಹೊರತು ಯಾವುದೇ ಸಂಭಾವನೆಗೆ ಅರ್ಹತೆಯಿಲ್ಲದೆ" ಎಂದು ತಿದ್ದಿದ ಆದೇಶ ಹೊರಡುವ ತನಕ ಆ ಕುರ್ಚಿಯಲ್ಲಿ ಕೂರಬೇಡಿ. ಕೂತ ಮೇಲೆ ಬರುವ ತಿದ್ದುಪಡಿ ಆದೇಶ ಕೂತ ದಿನವನ್ನು ಅಳಿಸುತ್ತದೆಯೇ ಎಂಬುದು ಬೇರೆಯೇ ಮೊಕದ್ದಮೆ.