ಹೊರಗೆ ನಗುಮುಖ, ಮನೆಯಲ್ಲಿ ಗಂಟುಮೋರೆ: ಯಾಕೆ ಹೀಗೆ?

ಪ್ರಶ್ನೆ: "ಗೆಳೆಯರ ಜೊತೆ ಇದ್ದಾಗ ಹೊಟ್ಟೆ ಹಿಡಿದುಕೊಂಡು ನಗುತ್ತೇನೆ. ಮನೆ ಬಾಗಿಲು ದಾಟಿ ಒಳಗೆ ಬಂದ ಕೂಡಲೇ ಮುಖ ತಾನಾಗೇ ಬಿಗಿದುಕೊಳ್ಳುತ್ತದೆ. ಮನೆಯಲ್ಲಿ ಜಗಳ ಏನಿಲ್ಲ, ದೊಡ್ಡ ಕಷ್ಟವೂ ಇಲ್ಲ. ದಿನಾ ಅದೇ ಕೆಲಸ, ಅದೇ ಮಾತು, ಅದೇ ಮುಖಗಳು, ಅಷ್ಟೇ. ಇದರಲ್ಲಿ ನಗೋಕೆ, ಖುಷಿಪಡೋಕೆ ಏನಿದೆ ಹೇಳಿ?"

ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ತುಂಬಾ ಜನ ಕೇಳುತ್ತಾರೆ. ಉತ್ತರಕ್ಕೆ ಮುಂಚೆ ನಮ್ಮ ಮನೆಯ ಸ್ವಿಚ್‌ಬೋರ್ಡಿನ ವಿಷಯ ಹೇಳಿಬಿಡುತ್ತೇನೆ.

ನಮ್ಮ ಹಾಲ್‌ನಲ್ಲಿರುವ ಬೋರ್ಡಿನಲ್ಲಿ ಆರು ಸ್ವಿಚ್ ಇವೆ. ಐದು ಯಾವುದಕ್ಕೆ ಅಂತ ಎಲ್ಲರಿಗೂ ಗೊತ್ತು. ಆರನೆಯದು ಯಾವುದಕ್ಕೆ ಅಂತ ಯಾರಿಗೂ ಗೊತ್ತಿಲ್ಲ. ಒಂಬತ್ತು ವರ್ಷದಿಂದ ಗೊತ್ತಿಲ್ಲ. ಯಾರಾದರೂ ಮರೆತು ಅದನ್ನು ಒತ್ತಿದರೆ ಮನೆಮಂದಿಯೆಲ್ಲ ಒಟ್ಟಿಗೆ ತಲೆ ಎತ್ತಿ ಮೇಲೆ ನೋಡುತ್ತೇವೆ. ಏನೂ ಆಗುವುದಿಲ್ಲ. ತಲೆ ಇಳಿಸಿ ನಮ್ಮ ನಮ್ಮ ಕೆಲಸಕ್ಕೆ ಹೋಗುತ್ತೇವೆ. ನಮ್ಮೆಜಮಾನರು ಮಾತ್ರ ಪ್ರತಿ ಸಲ "ಅದನ್ನ ಮುಟ್ಟಬೇಡಿ ಅಂದಿಲ್ವಾ" ಅನ್ನುತ್ತಾರೆ, ಮುಟ್ಟಿದರೆ ಏನಾಗುತ್ತೆ ಅಂತ ಅವರಿಗೂ ಗೊತ್ತಿಲ್ಲ. ಇದರಲ್ಲಿ ತಮಾಷೆ ಇದೆ ಅಂತ ನಮಗೆ ಒಂದು ದಿನವೂ ಅನ್ನಿಸಿರಲಿಲ್ಲ. ಒಂದು ಸಂಜೆ ಮಗಳ ಗೆಳತಿ ಬಂದಿದ್ದಳು, ಎಂಟು ವರ್ಷದ ಹುಡುಗಿ, ಫ್ಯಾನ್ ಹಾಕಲು ಹೋಗಿ ಆ ಸ್ವಿಚ್ ಒತ್ತಿದಳು. ಆಮೇಲೆ ನಮ್ಮನ್ನೇ ಒಬ್ಬೊಬ್ಬರಾಗಿ ನೋಡಿ, "ಆಂಟಿ, ನೀವೆಲ್ಲ ಯಾಕೆ ಮೇಲೆ ನೋಡ್ತಿದ್ದೀರಾ?" ಅಂದಳು. ಆವತ್ತು ನಕ್ಕಿದ್ದು ನಿಲ್ಲಿಸಲು ಹತ್ತು ನಿಮಿಷ ಬೇಕಾಯಿತು.

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ತಮಾಷೆ ಒಂಬತ್ತು ವರ್ಷದಿಂದ ಗೋಡೆಯ ಮೇಲೇ ಇತ್ತು. ನಾವು ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ನಗೋಕೆ ಏನಾದರೂ ಸಿಗುತ್ತಾ ಅಂತ ಅದೇ ಗೋಡೆಗೆ ಒರಗಿ ಫೋನ್ ಉಜ್ಜುತ್ತಾ ಕೂತಿದ್ದೆವು.

ಯಾಕೆ ಕಾಣಲಿಲ್ಲ? ಒಂದು ಕೆಲಸ ಮಾಡಿ, ನಿಮ್ಮ ಅಂಗಾಲಿಗೆ ನೀವೇ ಕಚಗುಳಿ ಇಟ್ಟು ನೋಡಿ. ಬೇರೆಯವರು ಇಟ್ಟ ಹಾಗೆ ನಗು ಬರೋದಿಲ್ಲ. 1998ರಲ್ಲಿ ಸಾರಾ-ಜೇನ್ ಬ್ಲೇಕ್‌ಮೋರ್ ಅನ್ನುವ ವಿಜ್ಞಾನಿ ಮತ್ತು ಜೊತೆಯವರು ಲಂಡನ್ನಿನಲ್ಲಿ ಜನರ ಮೆದುಳಿನ ಸ್ಕ್ಯಾನ್ ಮಾಡಿ ಇದರ ಕಾರಣ ಹುಡುಕಿದರು. ನಮ್ಮ ಕೈ ಎಲ್ಲಿ ಮುಟ್ಟುತ್ತೆ, ಯಾವಾಗ ಮುಟ್ಟುತ್ತೆ ಅನ್ನೋದು ಮೆದುಳಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿರೋ ವಿಷಯ ತಾನೇ ಅಂತ ಅದು ಆ ಸ್ಪರ್ಶದ ಜೋರನ್ನು ತಗ್ಗಿಸಿಬಿಡುತ್ತದೆ. ನನಗೆ ಇದಕ್ಕಿಂತ ಇಷ್ಟವಾಗಿದ್ದು ಮರುವರ್ಷ ಅವರು ಪ್ರಕಟಿಸಿದ ಇನ್ನೊಂದು ಪ್ರಯೋಗ. ಒಂದು ಕೈಯ ಚಲನೆಯನ್ನು ಯಂತ್ರಕ್ಕೆ ಕೊಟ್ಟು, ಆ ಯಂತ್ರ ಇನ್ನೊಂದು ಕೈಯ ಅಂಗೈಯನ್ನು ಸವರುವ ಹಾಗೆ ಮಾಡಿದರು. ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗ, ಎರಡು ಭಾಗದಷ್ಟು ತಡ ಸೇರಿಸಿದರು. ಅಷ್ಟಕ್ಕೇ ಕಚಗುಳಿ ಜಾಸ್ತಿಯಾಯಿತು! ಎರಡೂ ಕೈ ಒಬ್ಬರದೇ, ಸ್ವಲ್ಪ ತಡ ಅಷ್ಟೇ.

ಮನೆ ಅಂದರೆ ನಮ್ಮದೇ ಕೈ ಇದ್ದ ಹಾಗೆ. ಯಾರು ಯಾವಾಗ ಏನು ಹೇಳುತ್ತಾರೆ ಅನ್ನೋದು ಮುಂಚೆಯೇ ಗೊತ್ತು, ಹಾಗಾಗಿ ಕೇಳಿಸುವುದೇ ಇಲ್ಲ. ಆ ಹುಡುಗಿ ಮಾಡಿದ್ದು ಇಷ್ಟೇ, ನಡುವೆ ಸ್ವಲ್ಪ ಜಾಗ ಮಾಡಿಕೊಟ್ಟಳು.

ಆ ಜಾಗವನ್ನು ನಾವೇ ಮಾಡಿಕೊಳ್ಳಬಹುದಾ? ಬಹುದು. ಒಂದು ಸಂಜೆ ನಿಮ್ಮ ಮನೆಯಲ್ಲಿ ನೀವೇ ನೆಂಟರಾಗಿ ಕೂತು ಸುಮ್ನೆ ಕೇಳಿ. ನಾನು ಹಾಗೆ ಕೂತಾಗ ಸಿಕ್ಕಿದ್ದು ಹೇಳುತ್ತೇನೆ. ನಮ್ಮೆಜಮಾನರು ಟಿವಿ ಮುಂದೆ ಗೊರಕೆ ಹೊಡೆಯುತ್ತಿದ್ದರು. ನಾನು ರಿಮೋಟ್ ಎತ್ತಿ ಆಫ್ ಮಾಡಿದ ಕೂಡಲೇ ಕಣ್ಣು ಮುಚ್ಚಿಕೊಂಡೇ "ನೋಡ್ತಾ ಇದ್ದೆ ಕಣೇ" ಅಂದರು. ಏನು ನೋಡ್ತಾ ಇದ್ರಿ ಅಂದೆ. "ಅದೇ..." ಅಂದು ಮತ್ತೆ ಗೊರಕೆ. ನಮ್ಮ ಅತ್ತೆ ಫೋನಿನಲ್ಲಿ ತಂಗಿ ಜೊತೆ ಮಾತಾಡುತ್ತಾ "ಸರಿ, ಇಡ್ಲಾ ಹಾಗಾದ್ರೆ?" ಅಂದರು. ಅದಾದ ಮೇಲೆ ಇಪ್ಪತ್ತು ನಿಮಿಷ ಮಾತಾಡಿದರು, ನಡುನಡುವೆ ಇನ್ನೂ ನಾಲ್ಕು ಸಲ "ಇಡ್ಲಾ" ಬಂತು. ಈಗ ಮಗಳು ಬೆರಳು ಮಡಚಿ ಎಣಿಸುತ್ತಾಳೆ. ಇದುವರೆಗಿನ ದಾಖಲೆ ಏಳು. ಅತ್ತೆಗೂ ಇದು ಗೊತ್ತು, ಏಳನೆಯದಕ್ಕೆ ಬಂದಾಗ ಅವರೇ ನಮ್ಮ ಕಡೆ ತಿರುಗಿ ಕೈಯಲ್ಲಿ ಏಳು ತೋರಿಸಿದರು. ಇಷ್ಟು ವರ್ಷ ಆ ಫೋನಿನ ಮಾತು ನನ್ನ ಕಿವಿಗೆ ಬರೀ ಗದ್ದಲ ಆಗಿತ್ತು.

ಇನ್ನು ಉಳಿದ ಅರ್ಧ ಉತ್ತರ. ಇದು ಸ್ವಲ್ಪ ಕಹಿ.

ಗೆಳೆಯ ಬಸ್ಸಿನಲ್ಲಿ ಛತ್ರಿ ಬಿಟ್ಟು ಬಂದರೆ ನಗುತ್ತೇವೆ. ಗಂಡ ಅಥವಾ ಹೆಂಡತಿ ಬಿಟ್ಟು ಬಂದರೆ ಉರಿಯುತ್ತದೆ. ಛತ್ರಿ ಅದೇ, ಮರೆವೂ ಅದೇ. ಆದರೆ ಮನೆಯಲ್ಲಿ ಏನೇ ಎಡವಟ್ಟಾದರೂ ಮೊದಲು ಬಾಯಿಗೆ ಬರುವ ಮಾತು "ಯಾರು ಮಾಡಿದ್ದು?" ಅಂತ. ಏನಾಯ್ತು ಅಂತ ಕೇಳುವುದೇ ಇಲ್ಲ. ಪೀಟರ್ ಮೆಗ್ರಾ ಮತ್ತು ಕೇಲೆಬ್ ವಾರೆನ್ ಅನ್ನುವ ಇಬ್ಬರು ಸಂಶೋಧಕರು 2010ರಲ್ಲಿ ನಗುವಿನ ಬಗ್ಗೆ ಒಂದು ವಾದ ಮುಂದಿಟ್ಟರು. ಏನೋ ಒಂದು ತಪ್ಪಬೇಕು, ಕ್ರಮ ಕೆಡಬೇಕು, ಆದರೆ ಅದರಿಂದ ನಿಜವಾದ ಅಪಾಯ ಇಲ್ಲ ಅಂತಲೂ ಅದೇ ಹೊತ್ತಿಗೆ ಅನ್ನಿಸಬೇಕು, ಎರಡೂ ಸೇರಿದರೆ ನಗು. ಮನೆಯಲ್ಲಿ ಮೊದಲನೆಯದಕ್ಕೆ ಬರವಿಲ್ಲ, ದಿನಕ್ಕೆ ಹತ್ತು ಎಡವಟ್ಟು ಆಗುತ್ತವೆ. ಕೊರತೆ ಇರುವುದು ಎರಡನೆಯದಕ್ಕೆ. ಛತ್ರಿ ಕಳೆದರೆ ಛತ್ರಿಯ ಜೊತೆಗೆ ಹೋದ ವರ್ಷ ಕಳೆದ ಕೀ, ಅದಕ್ಕಿಂತ ಮುಂಚೆ ಮರೆತ ಬಿಲ್ಲು, ಎಲ್ಲ ಲೆಕ್ಕಕ್ಕೆ ಬರುತ್ತದೆ. ಲೆಕ್ಕದ ಪುಸ್ತಕ ತೆರೆದ ಮೇಲೆ ಯಾರು ನಗುತ್ತಾರೆ?

ನಮ್ಮ ಮನೆಯಲ್ಲಿ ಈ ಪುಸ್ತಕ ಮುಚ್ಚಿದ್ದು ಒಂದು ಮುಚ್ಚಳದಿಂದ. ಮಾತಿನ ಚಮತ್ಕಾರಕ್ಕೆ ಹೇಳುತ್ತಿಲ್ಲ, ನಿಜವಾಗಿ ಪಾತ್ರೆಯ ಮುಚ್ಚಳ. ರಾತ್ರಿ ಎರಡು ಗಂಟೆ. ನೀರು ಕುಡಿಯೋಣ ಅಂತ ಎದ್ದೆ. ಯಾರಿಗೂ ಎಚ್ಚರ ಆಗಬಾರದು ಅಂತ ಲೈಟ್ ಹಾಕಲಿಲ್ಲ, ಚಪ್ಪಲಿ ಮೆಟ್ಟಲಿಲ್ಲ, ಉಸಿರು ಕೂಡ ಹಿಡಿದುಕೊಂಡೇ ನಡೆದೆ. ಕತ್ತಲಲ್ಲಿ ಮೊಣಕೈ ತಾಗಿ ಸ್ಟೀಲ್ ಮುಚ್ಚಳ ನೆಲಕ್ಕೆ ಬಿತ್ತು. ಬಿದ್ದು ಸುಮ್ಮನಿದ್ದರೆ ಪರವಾಗಿಲ್ಲ, ಅದು ಅಂಚಿನ ಮೇಲೆ ನಿಂತು ಸುತ್ತೋಕೆ ಶುರು ಮಾಡಿತು. ಟಣ್... ಟಣ್... ಟಣ್ ಟಣ್ ಟಣ್ ಟಟಟಟರ್ರ್‌ರ್... ಇಂಥ ಮುಚ್ಚಳದ ಗುಣವೇ ಹಾಗೆ, ಮಲಗುತ್ತಾ ಮಲಗುತ್ತಾ ಅದರ ಸದ್ದು ಇನ್ನೂ ಚುರುಕಾಗುತ್ತದೆ, ಕೊನೆಗೆ ಯಾರೋ ಬಾಯಿ ಮುಚ್ಚಿದ ಹಾಗೆ ಥಟ್ಟನೆ ನಿಲ್ಲುತ್ತದೆ. ಮೇಜಿನ ಮೇಲೆ ತಿರುಗಿಸಿದ ನಾಣ್ಯವೂ ಇದನ್ನೇ ಮಾಡುತ್ತದೆ. ಅದು ಯಾಕೆ ಹಾಗೆ ನಿಲ್ಲುತ್ತದೆ ಅಂತ ಕೀತ್ ಮೊಫ್ಯಾಟ್ ಅನ್ನುವ ಕೇಂಬ್ರಿಜ್ ಗಣಿತಜ್ಞರು 2000ದಲ್ಲಿ ಲೇಖನವನ್ನೇ ಬರೆದಿದ್ದಾರೆ. ಅವರ ಮನೆಯಲ್ಲೂ ರಾತ್ರಿ ಮುಚ್ಚಳ ಬಿದ್ದಿರಬೇಕು ಅಂತ ನನ್ನ ಊಹೆ.

ನಾನು ಕಾಲು ಚಾಚಿ ಒತ್ತಿ ಹಿಡಿಯೋಣ ಅಂದರೆ ಕತ್ತಲು, ಎಲ್ಲಿದೆ ಅಂತ ಕಾಣುತ್ತಿಲ್ಲ. ಅಲುಗಾಡದೆ ನೆಟ್ಟಗೆ ನಿಂತೆ, ರಾಷ್ಟ್ರಗೀತೆಗೆ ನಿಂತ ಹಾಗೆ. ಸದ್ದು ನಿಂತಿತು. ಮನೆ ಪೂರ್ತಿ ನಿಶ್ಶಬ್ದ. ಈಗ ಬೈಗುಳ ಶುರುವಾಗುತ್ತೆ ಅಂದುಕೊಂಡೆ. ಕತ್ತಲೊಳಗಿಂದ ಅತ್ತೆಯ ದನಿ ನಿಧಾನವಾಗಿ ಬಂತು: "ಮುಗೀತಾ? ಇನ್ನೂ ಇದೆಯಾ?"

ಅಷ್ಟೇ. ನಾನು ಅಲ್ಲೇ ನೆಲದ ಮೇಲೆ ಕೂತು ನಕ್ಕೆ. ಒಳಗಿನ ಕೋಣೆಯಿಂದ ಇವರು ನಕ್ಕಿದ್ದು ಕೇಳಿಸಿತು, ಮಗಳು ಎದ್ದು ಏನಾಯ್ತು ಏನಾಯ್ತು ಅಂತ ಬಂದಳು. ಆವತ್ತಿನಿಂದ ನಮ್ಮ ಮನೆಯಲ್ಲಿ ಏನೇ ಬಿದ್ದು ಸದ್ದಾದರೂ, ಒಡೆದರೂ, ಎಲ್ಲಿಂದಲೋ ಒಬ್ಬರು "ಮುಗೀತಾ?" ಅನ್ನುತ್ತಾರೆ. ಯಾರು ಬೀಳಿಸಿದ್ದು ಅಂತ ಕೇಳುವ ಜಾಗವನ್ನು ಆ ಒಂದು ಮಾತು ಹಿಡಿದುಕೊಂಡುಬಿಟ್ಟಿದೆ. ಬೀಳಿಸಿದವರು "ಇನ್ನೊಂದಿದೆ" ಅನ್ನುವುದೂ ಉಂಟು.

ಇಲ್ಲಿ ಒಂದು ಎಚ್ಚರಿಕೆ. ಎಲ್ಲರೂ ಸೇರಿ ಒಬ್ಬರನ್ನೇ ಪದೇ ಪದೇ ನಗೆಪಾಟಲು ಮಾಡುವುದನ್ನು ತಮಾಷೆ ಅಂತ ಕರೆಯಬೇಡಿ. ಅವರು ನಗುತ್ತಿದ್ದಾರಾ ನೋಡಿ, ಬಾಯಿ ಅಲ್ಲ, ಕಣ್ಣು. "ಸುಮ್ನೆ ತಮಾಷೆಗೆ ಅಂದಿದ್ದು" ಅಂತ ವಿವರಿಸಬೇಕಾಗಿ ಬಂದರೆ ಅದು ತಮಾಷೆ ಆಗಿರಲಿಲ್ಲ ಅಂತಲೇ ಅರ್ಥ. ಎಷ್ಟೋ ಮನೆಗಳಲ್ಲಿ ಮಕ್ಕಳ ಮಾತನ್ನು ನೆಂಟರ ಮುಂದೆ ಹೇಳಿ ನಗುತ್ತಾರೆ, ಆ ಮಗು ಬಾಗಿಲ ಹಿಂದೆ ನಿಂತಿರುತ್ತದೆ. ನಿಮ್ಮ ಎಡವಟ್ಟಿನಿಂದಲೇ ಶುರು ಮಾಡಿದರೆ ಒಳ್ಳೆಯದು, ಸರಕಿಗೇನೂ ಕಮ್ಮಿ ಇರೋದಿಲ್ಲ ಅಲ್ವಾ. ಇನ್ನೊಂದು ಮಾತು: ಯಾವುದರಲ್ಲೂ ಖುಷಿಯೇ ಇಲ್ಲ, ನಿದ್ದೆ ಊಟ ಕೂಡ ಕೆಟ್ಟಿದೆ ಅನ್ನುವ ಸ್ಥಿತಿ ವಾರಗಟ್ಟಲೆ ಇದ್ದರೆ ಅದು ನಗುವಿನ ಕೊರತೆ ಅಲ್ಲ, ಡಾಕ್ಟರ ಹತ್ತಿರ ಹೋಗಿ.

"ನನಗೆ ಜೋಕ್ ಹೇಳೋಕೆ ಬರೋದಿಲ್ಲ" ಅಂತ ಕೆಲವರು ಕೊರಗುತ್ತಾರೆ. ಬೇಡವೇ ಬೇಡ. ಅಮೆರಿಕದ ರಾಬರ್ಟ್ ಪ್ರೊವೈನ್ ಅನ್ನುವ ವಿಜ್ಞಾನಿ ತಮ್ಮ ವಿದ್ಯಾರ್ಥಿಗಳ ಜೊತೆ ಅಂಗಡಿ, ಬೀದಿಗಳಲ್ಲಿ ನಿಂತು ಜನ ನಕ್ಕ 1,200 ಸಂದರ್ಭಗಳನ್ನು ಗುಟ್ಟಾಗಿ ಬರೆದುಕೊಂಡರು. ನಗುವಿಗೆ ಮುಂಚೆ ಆಡಿದ ಮಾತುಗಳಲ್ಲಿ ಜೋಕ್ ಅನ್ನಬಹುದಾದವು ನೂರಕ್ಕೆ ಹತ್ತೋ ಇಪ್ಪತ್ತೋ ಅಷ್ಟೇ. ಉಳಿದವೆಲ್ಲ "ಸರಿ, ಬರ್ತೀನಿ" ಥರದ ಸಪ್ಪೆ ಮಾತು. ಒಬ್ಬರೇ ಇದ್ದಾಗಿಗಿಂತ ಜೊತೆಯಲ್ಲಿ ಇದ್ದಾಗ ಸುಮಾರು 30 ಪಟ್ಟು ಜಾಸ್ತಿ ನಗುತ್ತೇವೆ ಅಂತಲೂ ಅವರು ಕಂಡುಕೊಂಡರು. ಹಾಗಾಗಿ ನಾಲ್ಕು ಜನ ನಾಲ್ಕು ಮೂಲೆಯಲ್ಲಿ ನಾಲ್ಕು ಫೋನಿನಲ್ಲಿ ತಮಾಷೆ ವಿಡಿಯೋ ನೋಡುವುದಕ್ಕಿಂತ, ಒಂದೇ ಸೋಫಾದಲ್ಲಿ ಒತ್ತರಿಸಿಕೊಂಡು ಕೂತು ಏನೂ ನೋಡದಿದ್ದರೂ ನಗು ಬರುವ ಸಾಧ್ಯತೆ ಜಾಸ್ತಿ.

ಇನ್ನು ಖುಷಿಯ ವಿಷಯ. ನಿಮ್ಮ ಪ್ರಶ್ನೆಯಲ್ಲಿ ಅದೂ ಇದೆ.

1978ರಲ್ಲಿ ಫಿಲಿಪ್ ಬ್ರಿಕ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞರು ಮತ್ತು ಜೊತೆಯವರು ಲಾಟರಿ ಹೊಡೆದ 22 ಜನರನ್ನು ಮಾತಾಡಿಸಿದರು. ಗೆಳೆಯರ ಜೊತೆ ಹರಟುವುದು, ಒಂದು ಜೋಕ್ ಕೇಳುವುದು, ಪತ್ರಿಕೆ ಓದುವುದು, ಇಂಥ ಮಾಮೂಲಿ ಸಂಗತಿಗಳಲ್ಲಿ ಎಷ್ಟು ಖುಷಿ ಸಿಗುತ್ತದೆ ಅಂತ ಕೇಳಿದರೆ, ಲಾಟರಿ ಹೊಡೆಯದವರಿಗಿಂತ ಇವರು ಕಮ್ಮಿ ಅಂಕ ಕೊಟ್ಟರು. ತೀರಾ ಕಮ್ಮಿ ಜನರ ಅಧ್ಯಯನ, ಅದನ್ನೇ ವೇದವಾಕ್ಯ ಅಂತ ಹಿಡಿಯಬೇಕಾಗಿಲ್ಲ. ಆದರೂ ನನಗೆ ಒಂದು ಅನುಮಾನ ಬಂದಿದೆ. ದಿನಾ ಫೋನಿನಲ್ಲಿ ಬೇರೆಯವರ ಬೆಟ್ಟ, ಸಮುದ್ರ, ಹೊಸ ಮನೆ ನೋಡುತ್ತಾ ಕೂತರೆ, ಲಾಟರಿ ಹೊಡೆಯದೆಯೇ ನಾವೂ ಆ 22 ಜನರ ಸಾಲಿಗೆ ಸೇರಿಬಿಡುತ್ತೇವೇನೋ. ದುಡ್ಡಂತೂ ಸಿಗಲಿಲ್ಲ, ಮಾಮೂಲಿ ಖುಷಿಯ ರುಚಿಯೂ ಹೋಯಿತು.

ಸಣ್ಣ ಖುಷಿಯ ತೊಂದರೆ ಏನಂದರೆ ಅದಕ್ಕೆ ಹೆಸರಿಲ್ಲ. ದಿಂಬನ್ನು ಮಗುಚಿ ತಣ್ಣಗಿರುವ ಮಗ್ಗುಲಿಗೆ ಕೆನ್ನೆ ಇಡುವುದು. ಬಿಗಿಯಾದ ಶೂ ಬಿಚ್ಚಿದಾಗ ಕಾಲಿನ ಬೆರಳುಗಳು ಒಂದೊಂದಾಗಿ ಬಿಡಿಸಿಕೊಳ್ಳುವುದು. ಬಿಸಿಲಿನಿಂದ ಈಗಷ್ಟೇ ತಂದ ಬೆಡ್‌ಶೀಟು. ಅಲಾರಂ ಹೊಡೆದಾಗ ಗಾಬರಿಯಿಂದ ಎದ್ದು, ಅಯ್ಯೋ ಇವತ್ತು ರಜೆ ಅಂತ ನೆನಪಾಗಿ ಮತ್ತೆ ಹೊದ್ದುಕೊಳ್ಳುವುದು (ಇದಕ್ಕೆ ಸಮನಾದ ಸುಖ ಇಲ್ಲ, ಕೆಲವರು ಬೇಕಂತಲೇ ಅಲಾರಂ ಇಟ್ಟುಕೊಳ್ಳುತ್ತಾರಂತೆ). ಇವತ್ತು ಏನು ವಿಶೇಷ ಅಂತ ಯಾರಾದರೂ ಕೇಳಿದರೆ ಇವ್ಯಾವುದನ್ನೂ ಹೇಳುವುದಿಲ್ಲ. ಏನಿಲ್ಲ ಅನ್ನುತ್ತೇವೆ.

ಅದಕ್ಕೇ ಬರೆದಿಡಿ ಅಂತ ನಾನು ಹೇಳುವುದು. ಡೈರಿ ಗೀರಿ ಬೇಡ, ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಹಿಡಿಯುವಷ್ಟು, ನಾಲ್ಕೇ ಪದ. 2014ರಲ್ಲಿ ಒಂದು ಸಂಶೋಧಕರ ತಂಡ ಜನರಿಂದ ಅವರ ಮಾಮೂಲಿ ದಿನಗಳ ಮಾಮೂಲಿ ವಿಷಯಗಳನ್ನು ಬರೆಸಿಟ್ಟು, ತಿಂಗಳುಗಳಾದ ಮೇಲೆ ಅವರಿಗೇ ಓದಲು ಕೊಟ್ಟಿತು. ಬರೆಯುವಾಗ "ಇದನ್ನ ಆಮೇಲೆ ಯಾರು ಓದ್ತಾರೆ" ಅಂದುಕೊಂಡಿದ್ದವರಿಗೆ, ಓದುವಾಗ ಅವರು ಊಹಿಸಿದ್ದಕ್ಕಿಂತ ಜಾಸ್ತಿ ಖುಷಿಯಾಯಿತು. ನಮ್ಮ ಕ್ಯಾಲೆಂಡರಿನಲ್ಲಿ ಹೋದ ತಿಂಗಳ ಚೌಕಗಳಲ್ಲಿ ಇರುವುದು ಇಷ್ಟು: "ಸಾಕ್ಸ್ ಜೋಡಿ ಸಿಕ್ತು." "ಅಪ್ಪ ನೋಡ್ತಾ ಇದ್ರಂತೆ." "ಇಡ್ಲಾ: 6." ಮೂರನೆಯದರ ಕೆಳಗೆ ಅತ್ತೆಯ ಅಕ್ಷರದಲ್ಲಿ "ಸುಳ್ಳು, 5" ಅಂತ ಇದೆ.

ಆರನೇ ಸ್ವಿಚ್ ಏನಾಯ್ತು ಅಂತ ಕೇಳುತ್ತೀರಿ. ಮೊನ್ನೆ ಫ್ಯಾನ್ ರಿಪೇರಿಗೆ ಎಲೆಕ್ಟ್ರಿಷಿಯನ್ ಬಂದಿದ್ದರು. ಬೋರ್ಡ್ ಬಿಚ್ಚಿ ನೋಡಿ, "ಇದಕ್ಕೆ ವೈರೇ ಇಲ್ಲ ಮೇಡಂ, ಸುಮ್ನೆ ಕೂರಿಸಿದ್ದಾರೆ. ತೆಗೆದು ಮುಚ್ಚಿಬಿಡ್ಲಾ?" ಅಂದರು. ಹಾಲಿನ ನಾಲ್ಕು ಮೂಲೆಯಿಂದ ನಾಲ್ಕು ಜನ ಒಟ್ಟಿಗೆ "ಬೇಡ" ಅಂದೆವು. ಅವರು ಏನೂ ಕೇಳದೆ ಸ್ಕ್ರೂ ಬಿಗಿದರು, ಚೀಲ ಹೆಗಲಿಗೇರಿಸಿದರು, ಹೊರಡುವ ಮುಂಚೆ ಆ ಸ್ವಿಚ್ ಒಂದು ಸಲ ಒತ್ತಿ, ತಲೆ ಎತ್ತಿ ಮೇಲೆ ನೋಡಿದರು.