ಅಂತರಗಂಗೆಯ ಬಸವನ ಬಾಯಿಗೆ ನೀರು ಎಲ್ಲಿಂದ ಬರುತ್ತದೆ?

ಪ್ರಶ್ನೆ: ಕೋಲಾರದ ಸುತ್ತ ಸಾವಿರ ಅಡಿ ಕೊರೆದರೂ ಬರೀ ದೂಳು ಏಳುವ ಕೊಳವೆಬಾವಿಗಳಿವೆ. ಹೀಗಿರುವಾಗ ಊರಿನ ಪಕ್ಕದ ಬೆಟ್ಟದಲ್ಲಿರುವ ಅಂತರಗಂಗೆ ಕ್ಷೇತ್ರದ ಕಲ್ಲು ಬಸವನ ಬಾಯಿಂದ ಬೇಸಿಗೆಯಲ್ಲೂ ನೀರು ಬೀಳುವುದು ಹೇಗೆ?

ಉತ್ತರ: ಕಾಶಿಯ ಗಂಗೆಯೇ ನೆಲದಡಿಯಲ್ಲಿ ಹರಿದು ಇಲ್ಲಿನ ಕಾಶಿ ವಿಶ್ವೇಶ್ವರನ ಸನ್ನಿಧಿಗೆ ಬರುತ್ತಾಳೆ ಎಂಬುದು ಭಕ್ತರ ನಂಬಿಕೆ. ಭೂವಿಜ್ಞಾನದ ಉತ್ತರ ಇಷ್ಟು ದೂರ ಹೋಗುವುದಿಲ್ಲ. ಅದು ಶತಶೃಂಗ ಬೆಟ್ಟದ ಮೇಲೆ ಬಿದ್ದ ಮಳೆಯ ನೀರೇ. ಗ್ರಾನೈಟ್ ಬಂಡೆ ತಾನಾಗಿ ನೀರು ಹೀರುವುದಿಲ್ಲ, ಆದರೆ ಅದರ ಬಿರುಕುಗಳಲ್ಲಿಯೂ ಬಂಡೆಗಳ ನಡುವೆ ತುಂಬಿಕೊಂಡ ಗರಸು ಮಣ್ಣಿನಲ್ಲಿಯೂ ಇಳಿದ ಮಳೆನೀರು ತಿಂಗಳುಗಟ್ಟಲೆ ನಿಧಾನವಾಗಿ ಜರುಗುತ್ತ ಬಂದು, ಬಿರುಕು ಇಳಿಜಾರಿಗೆ ತೆರೆದುಕೊಂಡಲ್ಲಿ ಒರತೆಯಾಗಿ ಹೊರಬೀಳುತ್ತದೆ. ಕೊಳವೆಬಾವಿಯ ಮೋಟಾರು, ಬಯಲಿನ ಅಂತರ್ಜಲವನ್ನು ಮಳೆ ತುಂಬುವುದಕ್ಕಿಂತ ಬೇಗ ಎಳೆದು ಬರಿದು ಮಾಡಬಲ್ಲದು. ಒರತೆಯಾದರೋ ಬೆಟ್ಟ ಬಿಟ್ಟುಕೊಟ್ಟಷ್ಟನ್ನೇ ಕೊಡುತ್ತದೆ.

ಬಸವನನ್ನು ಕಡೆದವರ ಜಾಣ್ಮೆಯನ್ನು ಇಲ್ಲಿ ಗಮನಿಸಬೇಕು. ಬಂಡೆಯ ಮೈಮೇಲೆ ಹರಡಿ ಜಿನುಗುವ ನೀರಿಗೆ ಬಿಂದಿಗೆ ಒಡ್ಡಲಾಗದು. ಅದನ್ನು ಒಂದೇ ಬಾಯಿಗೆ ತಂದರೆ ಧಾರೆಯಾಗುತ್ತದೆ, ಪಾತ್ರೆ ಹಿಡಿಯಲು ಬರುತ್ತದೆ. ಧಾರೆಯಿಂದ ಉಳಿದ ನೀರು ಕೆಳಗಿನ ಕಲ್ಯಾಣಿಗೆ ಸೇರುವುದರಿಂದ ಕುಡಿಯುವ ನೀರೂ ಮೀಯುವ ನೀರೂ ತಾವಾಗಿಯೇ ಬೇರೆಯಾಗುತ್ತವೆ. ಮೆಟ್ಟಿಲು ಹತ್ತಿ ಬಂದವರು ಮೊದಲು ಬೊಗಸೆಯೊಡ್ಡಿ ಕುಡಿದು, ಆಮೇಲೆ ಕ್ಯಾನು ಇಡುತ್ತಾರೆ. ಖಾಲಿ ಕ್ಯಾನಿನ ತಳಕ್ಕೆ ಧಾರೆ ಬಡಿಯುವ ಸದ್ದು ತುಂಬುತ್ತ ಹೋದಂತೆ ಮಂದವಾಗುತ್ತದೆ, ಅಷ್ಟು ಹೊತ್ತೂ ಹಿಂದಿನವರು ಕಾಯುತ್ತಾರೆ. ಯಾರ ಸ್ವಂತದ್ದೂ ಅಲ್ಲದ ನೀರಿನ ಮುಂದೆ ಹೀಗೆ ಸರದಿ ನಿಲ್ಲುವ ಅಭ್ಯಾಸವನ್ನು ನಾನು ಆ ಕಲ್ಲಿನಷ್ಟೇ ಬೆಲೆಯುಳ್ಳ ಪರಂಪರೆ ಎಂದು ಭಾವಿಸುತ್ತೇನೆ.

ಬಯಲಿನಲ್ಲೂ ನಮ್ಮವರು ಒರತೆಯನ್ನು ಗುರುತಿಸಿ ಕಾಪಾಡಿದ್ದರು. ತುಮಕೂರು ಜಿಲ್ಲೆಯ ಮಧುಗಿರಿ, ಪಾವಗಡ ಸೀಮೆಯ ತಲಪರಿಗೆಗಳು, ಅಂದರೆ ನೆಲದ ಒರತೆಯಿಂದ ತುಂಬುವ ನೀರಿನ ಗುಂಡಿಗಳು, ಅಂಥವು. ಅಚ್ಚುಕಟ್ಟಿನ ರೈತರು ಒಟ್ಟಾಗಿ ಹೂಳೆತ್ತಿ, ಕಾಲುವೆ ಸರಿಮಾಡಿ, ಸರದಿಯ ಪ್ರಕಾರ ನೀರು ಹಾಯಿಸಿಕೊಳ್ಳುತ್ತಿದ್ದರು. ಕೊಳವೆಬಾವಿ ಬಂದ ಮೇಲೆ ನೀರು ಒಬ್ಬೊಬ್ಬರದಾಯಿತು, ಹೂಳೆತ್ತುವ ಒಟ್ಟುಗೂಡುವಿಕೆ ನಿಂತಿತು, ಅನೇಕ ತಲಪರಿಗೆಗಳು ಮುಚ್ಚಿಹೋದವು.

ಅಂತರಗಂಗೆಯ ಜೀವ ಇರುವುದು ಕಲ್ಯಾಣಿಯ ಸುತ್ತ ಹಾಕುವ ಕಂಬಿ, ಬಣ್ಣಗಳಲ್ಲಲ್ಲ. ಬೆಟ್ಟದ ಮೇಲೆ, ತೇರಹಳ್ಳಿ ಎಂಬ ಊರಿನ ಕಡೆಯ ಹುಲ್ಲು, ಕುರುಚಲು ಮತ್ತು ಮಣ್ಣಿನಲ್ಲಿ. ಬೇಸಿಗೆಯಲ್ಲಿ ಯಾರೋ ಹಚ್ಚಿದ ಬೆಂಕಿಗೆ ಹುಲ್ಲು ಸುಟ್ಟರೆ, ಮುಂಗಾರಿನ ಮೊದಲ ಜೋರು ಮಳೆ ಬೋಳು ಇಳಿಜಾರಿನ ಮೇಲೆ ನಿಲ್ಲದೆ ಕೊರಕಲು ಹಿಡಿದು, ಮಣ್ಣನ್ನೂ ಕೊಚ್ಚಿಕೊಂಡು ಕೆಳಗೋಡುತ್ತದೆ. ಅಷ್ಟು ನೀರು ಮುಂದಿನ ಬೇಸಿಗೆಗೆ ಬಸವನ ಬಾಯಿಗೆ ಬರುವುದಿಲ್ಲ.